ಮನೆಯ ಕೆಳಗಿರುವ ಮಣ್ಣು

ಬ್ಯಾಡಗಿಯ ಪೇಟೆಗೆ ಮೆಣಸಿನಕಾಯಿ ಕೊಳ್ಳಬಂದ ವ್ಯಾಪಾರಿಯು ಚೀಲದೊಳಗೆ ಕೈಯಿಕ್ಕಿ ನಾಲ್ಕು ಕಾಯಿಗಳನ್ನು ಹೊರತೆಗೆದು, ಅವುಗಳ ಬಣ್ಣವನ್ನೂ ಒಣಗನ್ನೂ ನೋಡದೆ ಬೆಲೆಯ ಮಾತನ್ನಾಡುವುದಿಲ್ಲ. ರಾಣೇಬೆನ್ನೂರಿನಲ್ಲಿ ಬಿತ್ತನೆಯ ಬೀಜವನ್ನು ಕೊಳ್ಳುವ ರೈತನು, ನೂರು ಬೀಜಗಳಲ್ಲಿ ಎಷ್ಟು ಮೊಳೆಯುವುವೆಂದು ಪೊಟ್ಟಣದ ಮೇಲೆ ಬರೆದಿರುವುದನ್ನು ಓದಿ ನೋಡುತ್ತಾನೆ. ಹಾವೇರಿಯ ದನದ ಸಂತೆಯಲ್ಲಿ ಎತ್ತಿನ ಬಾಯಿ ತೆರೆದು ಹಲ್ಲು ಎಣಿಸದೆ ಯಾರೂ ಅದರ ಹಗ್ಗವನ್ನು ಕೈಗೆ ತೆಗೆದುಕೊಳ್ಳುವುದಿಲ್ಲ. ಕೊಳ್ಳುವ ವಿಷಯದಲ್ಲಿ ಇಷ್ಟು ಜಾಣರಾದ ಈ ಮೂರು ಊರುಗಳ ಜನರು, ಜೀವಮಾನದ ಗಳಿಕೆಯನ್ನೆಲ್ಲ ಸುರಿದು ಪಡೆಯುವ ಒಂದು ವಸ್ತುವನ್ನು ಮಾತ್ರ ಮುಟ್ಟಿ ನೋಡದೆಯೆ ಕೊಳ್ಳುತ್ತಾರೆ. ಆ ವಸ್ತುವು ಮನೆಯ ನಿವೇಶನ.

ಕಾಗದಪತ್ರಗಳನ್ನು ನೋಡುವುದಿಲ್ಲವೆಂದು ನಾವು ಹೇಳುತ್ತಿಲ್ಲ. ಉತಾರ, ಬಿನ್‌ಶೇತ್ಕಿ ಆದೇಶ, ಋಣಭಾರ ಪ್ರಮಾಣಪತ್ರ, ಚಕ್ಕುಬಂದಿ ಇವೆಲ್ಲವನ್ನೂ ವಕೀಲರಿಂದ ಓದಿಸುವುದು ವಾಡಿಕೆಯಾಗಿದೆ. ಅದು ಅವಶ್ಯವೂ ಹೌದು. ಭೂಮಿಯ ಹಕ್ಕು ಯಾರದು, ಅಳತೆ ಎಷ್ಟು, ಅದರ ಮೇಲೆ ಸಾಲವುಂಟೆ ಎಂಬುದು ಅವುಗಳಿಂದ ತಿಳಿಯುತ್ತದೆ. ಆದರೆ ಆ ಭೂಮಿಯು ಮನೆಯನ್ನು ನೆಟ್ಟಗೆ ಹೊತ್ತು ನಿಲ್ಲಬಲ್ಲುದೆ ಎಂಬುದನ್ನು ಅವುಗಳಲ್ಲಿ ಒಂದೂ ತಿಳಿಸುವುದಿಲ್ಲ. ಹೊಲದ ಪಹಣಿಯಲ್ಲಿ ಮಣ್ಣಿನ ನಮೂನೆಗೆಂದು ಒಂದು ಅಂಕಣವುಂಟು. ಅದೇ ಹೊಲವು ನಿವೇಶನಗಳಾಗಿ ಹಂಚಿಹೋದಾಗ, ಖಾತೆಯ ಕಾಗದದಲ್ಲಿ ಉದ್ದ ಅಗಲಗಳು ಉಳಿಯುತ್ತವೆ. ಮಣ್ಣಿನ ಹೆಸರು ಅಳಿದುಹೋಗುತ್ತದೆ. ೨೦೧೫ರಲ್ಲಿ ಕೇಂದ್ರ ಸರಕಾರವು ರೈತರಿಗಾಗಿ ಮಣ್ಣು ಆರೋಗ್ಯ ಚೀಟಿಯ ಯೋಜನೆಯನ್ನು ಆರಂಭಿಸಿತು. ಜೋಳದ ಬೇರು ಇಳಿಯುವ ಮಣ್ಣಿಗೆ ಚೀಟಿ ದೊರೆತ ಮೇಲೆ, ಮನೆಯ ಬುನಾದಿ ಇಳಿಯುವ ಮಣ್ಣಿಗೆ ಏಕೆ ದೊರೆಯಬಾರದು? ನಿವೇಶನವನ್ನು ಮಾರುವವನು ಅದರ ಮಣ್ಣಿನ ಪರೀಕ್ಷೆಯ ವರದಿಯನ್ನೂ ಕೊಡತಕ್ಕದ್ದೆಂಬುದು, ಮನೆಯ ಒಡೆಯನು ತನ್ನ ಹಣವನ್ನು ಮೊದಲು ನೆಲಕ್ಕೂ ನೀರಿಗೂ, ಕಡೆಯಲ್ಲಿ ಬಣ್ಣಕ್ಕೂ ವ್ಯಯಿಸತಕ್ಕದ್ದೆಂಬುದು ನಮ್ಮ ಸ್ಪಷ್ಟವಾದ ಅಭಿಪ್ರಾಯ. ಇದಕ್ಕೆ ಕಾರಣಗಳನ್ನು ಮುಂದೆ ವಿವರಿಸುತ್ತೇವೆ.

ಎರೆಯ ಗುಣ

೧೯೯೭ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ರಚಿತವಾದ ಹಾವೇರಿ ಜಿಲ್ಲೆಯ ನೆಲದಲ್ಲಿ ಎರಡು ಮುಖ್ಯ ಬಗೆಗಳುಂಟು. ಒಂದು ಕಪ್ಪು ಬಣ್ಣದ ಎರೆ. ಮತ್ತೊಂದು ಕೆಂಪು ಬಣ್ಣದ ಮಸಾರಿ. ಯಾವ ಹೊಲ ಎರೆ, ಯಾವುದು ಮಸಾರಿ ಎಂಬುದನ್ನು ಒಕ್ಕಲಿಗನ ಮನೆಯ ಮಗುವೂ ಬಲ್ಲುದು. ಹತ್ತಿಗೂ ಹಿಂಗಾರಿ ಜೋಳಕ್ಕೂ ಎರೆಯನ್ನು ಮೀರಿದ ನೆಲವಿಲ್ಲ, ಏಕೆಂದರೆ ಅದು ನೀರನ್ನು ಬಹುಕಾಲ ಹಿಡಿದಿಟ್ಟುಕೊಳ್ಳುತ್ತದೆ. ಬೆಳೆಗೆ ವರವಾದ ಈ ಗುಣವೇ ಮನೆಗೆ ಕೇಡಾಗಿ ಪರಿಣಮಿಸುತ್ತದೆ.

ಎರೆಯ ಜೇಡಿಯಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಖನಿಜವು ವಿಶೇಷವಾಗಿರುತ್ತದೆ. ಇದರ ರಚನೆಯು ಪುಸ್ತಕದ ಹಾಳೆಗಳಂತೆ ಪದರುಪದರಾಗಿದೆ. ಒಂದೊಂದು ಪದರಿನ ದಪ್ಪವು ಸುಮಾರು ಒಂದು ನ್ಯಾನೊಮೀಟರ್, ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಪದರುಗಳು ಒಂದಕ್ಕೊಂದು ಸಡಿಲವಾಗಿ ಅಂಟಿಕೊಂಡಿರುವುದರಿಂದ ನೀರಿನ ಅಣುಗಳು ಅವುಗಳ ನಡುವೆ ನುಗ್ಗಿ ಅವನ್ನು ದೂರ ಸರಿಸುತ್ತವೆ, ಮಣ್ಣು ಉಬ್ಬುತ್ತದೆ. ಬಿಸಿಲಿಗೆ ಆ ನೀರು ಹೊರಟುಹೋದಾಗ ಪದರುಗಳು ಮತ್ತೆ ಹತ್ತಿರ ಸೇರಿ ಮಣ್ಣು ಕುಗ್ಗುತ್ತದೆ, ಬಿರುಕುಬಿಡುತ್ತದೆ. ಈ ಖನಿಜದ ಒಂದೇ ಒಂದು ಗ್ರಾಮಿನ ಪದರುಗಳನ್ನೆಲ್ಲ ಬಿಡಿಸಿ ಹಾಸಿದರೆ ಅವುಗಳ ಒಟ್ಟು ಮೇಲ್ಮೈಯು ಸುಮಾರು ೮೦೦ ಚದರ ಮೀಟರುಗಳಾಗಬಹುದು. ೩೦ ಅಡಿ ಅಗಲ ೪೦ ಅಡಿ ಉದ್ದದ ಏಳು ನಿವೇಶನಗಳಷ್ಟು ವಿಸ್ತಾರವು ಒಂದು ಚಿಟಿಕೆ ಮಣ್ಣಿನಲ್ಲಿ ಅಡಗಿದೆಯೆಂದರೆ, ಅದು ಎಷ್ಟು ನೀರನ್ನು ಹಿಡಿಯಬಲ್ಲುದೆಂಬುದನ್ನು ಊಹಿಸಿಕೊಳ್ಳಬಹುದು. ಮಸಾರಿಯಲ್ಲಿ ಹೆಚ್ಚಾಗಿರುವ ಕಯೊಲಿನೈಟ್ ಎಂಬ ಜೇಡಿಯ ಪದರುಗಳಾದರೋ ಒಂದನ್ನೊಂದು ಬಿಗಿಯಾಗಿ ಹಿಡಿದಿರುತ್ತವೆ. ನೀರು ಅವುಗಳ ನಡುವೆ ಹೋಗಲಾರದು. ಆದುದರಿಂದ ಮಸಾರಿಯ ಮೇಲಿನ ಮನೆಗೆ ಈ ಬಗೆಯ ಪೀಡೆ ಕಡಿಮೆ.

ಇಡೀ ಮನೆಯು ಒಂದೇ ಸಮನಾಗಿ ಮೇಲೆದ್ದು ಕೆಳಗಿಳಿದರೆ ಹಾನಿಯೇನೂ ಆಗುತ್ತಿರಲಿಲ್ಲ. ಹಾಗಾಗುವುದಿಲ್ಲವೆಂಬುದೇ ತೊಡಕು. ಮನೆಯ ನಡುವಿನ ಮಣ್ಣು ನೆಲಹಾಸಿನ ಕೆಳಗೆ ಮುಚ್ಚಿಕೊಂಡಿರುವುದರಿಂದ ಅದರ ತೇವವು ಆವಿಯಾಗಲು ದಾರಿಯಿಲ್ಲ. ಅಂಚಿನ ಮಣ್ಣಾದರೋ ಮಳೆಗಾಲದಲ್ಲಿ ನೆನೆದು ಉಬ್ಬುತ್ತದೆ, ಬೇಸಗೆಯಲ್ಲಿ ಒಣಗಿ ಕುಗ್ಗುತ್ತದೆ. ಒಂದೇ ಗೋಡೆಯ ಒಂದು ತುದಿ ಏಳುವುದು, ಇನ್ನೊಂದು ತುದಿ ಇಳಿಯುವುದು. ಬಾಗುವ ಶಕ್ತಿಯಿಲ್ಲದ ಗೋಡೆಯು ಸೀಳುವುದು. ಉಬ್ಬುವ ಮಣ್ಣಿನ ಒತ್ತಡವು ಚದರ ಮೀಟರಿಗೆ ಹಲವು ಟನ್ನುಗಳಷ್ಟಿರಬಹುದು. ಒಂದಂತಸ್ತಿನ ಮನೆಯು ತನ್ನ ಬುನಾದಿಯ ಮೇಲೆ ಹೇರುವ ಭಾರವು ಅನೇಕ ವೇಳೆ ಅದಕ್ಕೂ ಕಡಿಮೆ. ದೊಡ್ಡ ಕಟ್ಟಡಗಳಿಗಿಂತ ಬಡವರ ಚಿಕ್ಕ ಮನೆಗಳೇ ಎರೆಯಲ್ಲಿ ಹೆಚ್ಚು ಬಿರಿಯುವುದಕ್ಕೆ ಇದೂ ಒಂದು ಕಾರಣ.

ಇದು ನಮ್ಮ ಸೀಮೆಯೊಂದರ ಕಷ್ಟವೆಂದು ತಿಳಿಯಬೇಕಾಗಿಲ್ಲ. ಅಮೆರಿಕದಲ್ಲಿ ಜೋನ್ಸ್ ಮತ್ತು ಹೋಲ್ಟ್ಸ್ ಎಂಬ ಇಬ್ಬರು ಇಂಜಿನಿಯರುಗಳು ೧೯೭೩ರಲ್ಲಿ ಲೆಕ್ಕಹಾಕಿ, ಉಬ್ಬುವ ಮಣ್ಣಿನಿಂದ ಆ ದೇಶದಲ್ಲಿ ಮನೆ ರಸ್ತೆಗಳಿಗೆ ವರ್ಷಂಪ್ರತಿ ಆಗುವ ನಷ್ಟವು ನೆರೆ, ಚಂಡಮಾರುತ, ಸುಂಟರಗಾಳಿ, ಭೂಕಂಪಗಳೆಲ್ಲ ಸೇರಿ ಮಾಡುವ ನಷ್ಟಕ್ಕಿಂತ ಹೆಚ್ಚೆಂದು ತೋರಿಸಿದರು. ಇಂಗ್ಲೆಂಡಿನಲ್ಲಿ ೧೯೭೬ರ ಅನಾವೃಷ್ಟಿಯಿಂದ ಜೇಡಿನೆಲವು ಒಣಗಿ ಕುಗ್ಗಿದಾಗ, ಗೋಡೆ ಬಿರಿದ ಮನೆಗಳ ಒಡೆಯರು ಗುಂಪುಗುಂಪಾಗಿ ವಿಮಾ ಕಂಪನಿಗಳ ಬಾಗಿಲಿಗೆ ಹೋದರು. ನೆರೆಯೂ ಭೂಕಂಪವೂ ಪತ್ರಿಕೆಯ ಮೊದಲ ಪುಟದಲ್ಲಿ ಬರುತ್ತವೆ. ಮಣ್ಣು ಸದ್ದಿಲ್ಲದೆ ಕೆಲಸಮಾಡುವುದರಿಂದ ಅದರ ಸುದ್ದಿಯು ಮನೆಯೊಳಗೇ ಉಳಿಯುತ್ತದೆ.

ನೀವೇ ಮಾಡಬಹುದಾದ ಪರೀಕ್ಷೆಗಳು

ಮಣ್ಣಿನ ಸ್ವಭಾವವನ್ನು ತಿಳಿಯಲು ಬಹು ದೊಡ್ಡ ಉಪಕರಣಗಳು ಬೇಕಾಗಿಲ್ಲ. ಪ್ರೌಢಶಾಲೆಯ ಪ್ರಯೋಗಶಾಲೆಯಲ್ಲಿರುವ ಸಾಮಗ್ರಿಗಳಿಂದಲೇ ನಮ್ಮ ತರುಣ ವಾಚಕರು ಮೂರು ಪರೀಕ್ಷೆಗಳನ್ನು ಮಾಡಿನೋಡಬಹುದು.

ಮೊದಲನೆಯದು ಕಣ್ಣಿನ ಪರೀಕ್ಷೆ. ಏಪ್ರಿಲ್ ತಿಂಗಳಲ್ಲಿ ನಿವೇಶನಕ್ಕೆ ಹೋಗಿ ನೆಲದ ಬಿರುಕುಗಳನ್ನು ನೋಡಬೇಕು. ಬಿರುಕಿನ ಅಗಲವನ್ನು ಅಳತೆಪಟ್ಟಿಯಿಂದಲೂ, ಆಳವನ್ನು ತೆಳುವಾದ ಕೋಲಿನಿಂದಲೂ ಅಳೆದು ಬರೆದಿಟ್ಟುಕೊಳ್ಳಬೇಕು. ಕೈ ತೂರುವಷ್ಟು ಬಿರುಕುಗಳಿದ್ದರೆ ಆ ನೆಲವು ಮಳೆಗಾಲದಲ್ಲಿ ಅಷ್ಟೇ ಉಬ್ಬುವುದೆಂದು ತಿಳಿಯತಕ್ಕದ್ದು.

ಎರಡನೆಯದು ಕುಗ್ಗುವಿಕೆಯ ಪರೀಕ್ಷೆ. ಬುನಾದಿ ಇಳಿಯುವ ಆಳದಿಂದ ತೆಗೆದ ಮಣ್ಣನ್ನು ಪುಡಿಮಾಡಿ, ಜರಡಿಹಿಡಿದು, ನೀರಿನಲ್ಲಿ ಮೆತ್ತಗೆ ಕಲಸಬೇಕು. ಒಳಮೈಗೆ ಎಣ್ಣೆ ಸವರಿದ ೧೦ ಸೆಂಟಿಮೀಟರ್ ಉದ್ದದ ಮರದ ಅಚ್ಚಿನಲ್ಲಿ ಗಾಳಿಗುಳ್ಳೆಯಿಲ್ಲದಂತೆ ಅದನ್ನು ತುಂಬಿ, ನೆರಳಿನಲ್ಲಿ ಒಣಗಿಸಿ, ಬಳಿಕ ಬಿಸಿಲಿನಲ್ಲಿಡಬೇಕು. ಒಣಗಿದ ಪಟ್ಟಿಯು ೯ ಸೆಂಟಿಮೀಟರಿಗೆ ಇಳಿದರೆ ಕುಗ್ಗುವಿಕೆಯು ನೂರಕ್ಕೆ ಹತ್ತು. ಎರೆಯನ್ನೂ ಮಸಾರಿಯನ್ನೂ ಪಕ್ಕಪಕ್ಕದಲ್ಲಿಟ್ಟು ಈ ಪ್ರಯೋಗವನ್ನು ಮಾಡಿದರೆ ವ್ಯತ್ಯಾಸವು ಕಣ್ಣಿಗೆ ಕಟ್ಟುತ್ತದೆ.

ಮೂರನೆಯದು ಭಾರತೀಯ ಮಾನಕ ಸಂಸ್ಥೆಯ ಮಾನಕದಲ್ಲಿಯೇ ಹೇಳಿರುವ ಉಬ್ಬುವಿಕೆಯ ಪರೀಕ್ಷೆ. ಚೆನ್ನಾಗಿ ಒಣಗಿಸಿ ನುಣ್ಣಗೆ ಜರಡಿಹಿಡಿದ ಮಣ್ಣನ್ನು ೧೦ ಗ್ರಾಮಿನಂತೆ ಎರಡು ಪಾಲು ತೂಗಿ, ೧೦೦ ಮಿಲಿಲೀಟರಿನ ಎರಡು ಅಳತೆಯ ಕೊಳವೆಗಳಲ್ಲಿ ಹಾಕಬೇಕು. ಒಂದಕ್ಕೆ ಬಟ್ಟಿಯಿಳಿಸಿದ ನೀರನ್ನೂ ಇನ್ನೊಂದಕ್ಕೆ ಸೀಮೆಎಣ್ಣೆಯನ್ನೂ ೧೦೦ರ ಗೆರೆಯವರೆಗೆ ತುಂಬಿ, ಕಡ್ಡಿಯಿಂದ ಕಲಕಿ ಗಾಳಿಯನ್ನು ಹೊರಡಿಸಿ, ೨೪ ಗಂಟೆ ಅಲುಗಿಸದೆ ಬಿಡಬೇಕು. ಸೀಮೆಎಣ್ಣೆಯ ಅಣುಗಳು ಜೇಡಿಯ ಪದರುಗಳ ನಡುವೆ ಸೇರಲಾರವಾದುದರಿಂದ ಅದರಲ್ಲಿ ಮಣ್ಣು ಉಬ್ಬುವುದಿಲ್ಲ. ಸೀಮೆಎಣ್ಣೆಯಲ್ಲಿ ಮಣ್ಣು ೧೦ ಮಿಲಿಲೀಟರಿಗೂ ನೀರಿನಲ್ಲಿ ೧೮ ಮಿಲಿಲೀಟರಿಗೂ ನಿಂತರೆ, ಹೆಚ್ಚಾದ ೮ನ್ನು ೧೦ರಿಂದ ಭಾಗಿಸಿ ನೂರರಿಂದ ಗುಣಿಸಬೇಕು; ಉಬ್ಬುವಿಕೆಯು ಶೇಕಡಾ ೮೦ ಎಂದಾಯಿತು. ಶೇಕಡಾ ೫೦ಕ್ಕಿಂತ ಕಡಿಮೆಯಾದರೆ ಭಯವು ಅಲ್ಪ. ೫೦ರಿಂದ ೧೦೦ರವರೆಗೆ ಮಧ್ಯಮ. ೧೦೦ರಿಂದ ೨೦೦ರವರೆಗೆ ಹೆಚ್ಚು. ೨೦೦ನ್ನು ಮೀರಿದರೆ ಬಹು ತೀವ್ರ. ಸೀಮೆಎಣ್ಣೆಯ ಹತ್ತಿರ ಬೆಂಕಿಯನ್ನು ತರಕೂಡದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಈ ಪರೀಕ್ಷೆಗಳು ಇಂಜಿನಿಯರನ ಸಲಹೆಗೆ ಬದಲಲ್ಲ. ಆದರೆ ಇಂಜಿನಿಯರನನ್ನು ಕೇಳಬೇಕಾದ ಪ್ರಶ್ನೆ ಯಾವುದೆಂಬುದನ್ನು ಇವು ಕಲಿಸುತ್ತವೆ.

ಕೊಳ್ಳುವಾಗ ನೋಡಬೇಕಾದುದು

ನಿವೇಶನವನ್ನು ಅಥವಾ ಕಟ್ಟಿದ ಮನೆಯನ್ನು ಎರಡು ಸಲ ನೋಡದೆ ಕೊಳ್ಳಕೂಡದು: ಬೇಸಗೆಯಲ್ಲಿ ಒಮ್ಮೆ, ಜೋರು ಮಳೆಯಾದ ಮರುದಿನ ಒಮ್ಮೆ. ಬೇಸಗೆಯು ಬಿರುಕನ್ನು ತೋರಿಸುವುದು. ಮಳೆಯು ನೀರು ಎಲ್ಲಿಂದ ಬಂದು ಎಲ್ಲಿ ನಿಲ್ಲುವುದೆಂಬುದನ್ನು ತೋರಿಸುವುದು. ಹಳ್ಳದ ಪಾತ್ರವನ್ನೋ ಹೊಂಡವನ್ನೋ ಮುಚ್ಚಿ ಸಮಮಾಡಿದ ನೆಲವು ಮೇಲಿನಿಂದ ನೋಡುವವರಿಗೆ ಚೆಂದವಾಗಿಯೇ ಕಾಣುತ್ತದೆ. ಅಕ್ಕಪಕ್ಕದ ಹಿರಿಯರನ್ನು ಕೇಳಿದರೆ ಅದರ ಪೂರ್ವಚರಿತ್ರೆ ಹೊರಬೀಳುವುದು. ನೆರೆಮನೆಗಳ ಗೋಡೆಗಳನ್ನೂ ದೃಷ್ಟಿಸಿ ನೋಡಬೇಕು. ಕಿಟಕಿ ಬಾಗಿಲುಗಳ ಮೂಲೆಯಿಂದ ಓರೆಯಾಗಿ, ಮೆಟ್ಟಿಲಿನಂತೆ ಏರಿಹೋಗುವ ಬಿರುಕುಗಳು ಕಂಡರೆ ಅದು ಬುನಾದಿಯ ಚಲನೆಯ ಗುರುತು. ಗಿಲಾವಿನ ಮೇಲೆ ಜೇಡರಬಲೆಯಂತೆ ಹರಡಿದ ಕೂದಲೆಳೆಯಂಥ ಗೆರೆಗಳು ಬಹುಮಟ್ಟಿಗೆ ಗಿಲಾವು ಒಣಗಿದುದರ ಗುರುತು; ಅವಕ್ಕೆ ಹೆದರಬೇಕಾಗಿಲ್ಲ.

ಮನೆಯ ನೆಲಗಟ್ಟಿನ ಎತ್ತರವನ್ನು ರಸ್ತೆಗೆ ಹೋಲಿಸಿ ನೋಡುವುದು ಇನ್ನೊಂದು ಮುಖ್ಯ ಕಾರ್ಯ. ಹಾವೇರಿಯ ಸಿದ್ಧೇಶ್ವರ ದೇವಾಲಯವು ಕಲ್ಯಾಣದ ಚಾಲುಕ್ಯರ ಕಾಲದ ಸುಂದರ ಕಟ್ಟಡ. ಇಂದು ಅದರ ಮಂಟಪವನ್ನು ಸೇರಲು ಮೆಟ್ಟಿಲಿಳಿದು ಹೋಗಬೇಕಾಗಿದೆ, ಏಕೆಂದರೆ ಸುತ್ತಲಿನ ನೆಲವು ಅದಕ್ಕಿಂತ ಎತ್ತರದಲ್ಲಿದೆ. ದೇವಾಲಯಕ್ಕೆ ಶತಮಾನಗಳಲ್ಲಿ ಒದಗಿದ ಈ ಸ್ಥಿತಿಯು ನಮ್ಮ ಮನೆಗಳಿಗೆ ಕೆಲವೇ ವರ್ಷಗಳಲ್ಲಿ ಒದಗುತ್ತದೆ. ಹಳೆಯ ಡಾಂಬರನ್ನು ಕೀಳದೆ ಅದರ ಮೇಲೆಯೇ ಹೊಸದನ್ನು ಹಾಸುತ್ತ ಹೋದಂತೆ ರಸ್ತೆಯು ಏರುತ್ತದೆ. ಮನೆಯು ಇದ್ದಲ್ಲಿಯೇ ಇರುತ್ತದೆ. ಬೀದಿಯ ನೀರು ಹೊಸ್ತಿಲನ್ನು ದಾಟುತ್ತದೆ. ಆದುದರಿಂದ ಹೊಸ ಮನೆಯ ನೆಲಗಟ್ಟನ್ನು ಇಂದಿನ ರಸ್ತೆಗೆ ಅಳೆದರೆ ಸಾಲದು. ರಸ್ತೆಯು ಮುಂದೆ ಏರುವುದೆಂದು ಭಾವಿಸಿ ಎತ್ತರಿಸತಕ್ಕದ್ದು.

ಎಪ್ಪತ್ತು ಸಾವಿರ ಲೀಟರ್ ನೀರು

ಇನ್ನು ಮನೆಯ ಪೋಷಣೆಯ ಮಾತು. ಹಾವೇರಿ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ ಸುಮಾರು ೭೫೦ ಮಿಲಿಮೀಟರ್ ಮಳೆಯಾಗುತ್ತದೆ. ಸಾವಿರ ಚದರ ಅಡಿಯ, ಎಂದರೆ ಸುಮಾರು ೯೩ ಚದರ ಮೀಟರಿನ ಮಾಳಿಗೆಯ ಮೇಲೆ ಬೀಳುವ ನೀರನ್ನು ಗುಣಿಸಿ ನೋಡಿದರೆ ವರ್ಷಕ್ಕೆ ಹೆಚ್ಚುಕಡಿಮೆ ಎಪ್ಪತ್ತು ಸಾವಿರ ಲೀಟರುಗಳಾಗುತ್ತವೆ. ಇಷ್ಟು ನೀರನ್ನು ಎರಡು ಮೂರು ಕೊಳವೆಗಳ ಮೂಲಕ ಒಟ್ಟುಗೂಡಿಸಿ ಗೋಡೆಯ ಬುಡಕ್ಕೇ ಸುರಿಯುವಂತೆ ನಾವು ಮನೆಗಳನ್ನು ಕಟ್ಟಿಕೊಂಡಿದ್ದೇವೆ! ಅದರೊಡನೆ ಬಚ್ಚಲಿನ ಒಡೆದ ಕೊಳವೆ, ತುಂಬಿ ಹರಿಯುವ ತೊಟ್ಟಿ, ಗೋಡೆಗೆ ಅಂಟಿಕೊಂಡ ಹೂದೋಟ ಇವೂ ತಮ್ಮ ಪಾಲನ್ನು ಸಲ್ಲಿಸುತ್ತವೆ. ಎರೆಯು ಉಬ್ಬುವುದು ನೀರಿನಿಂದ. ನೀರಿನ ಅಳತೆಯು ಸ್ಥಿರವಾಗಿದ್ದರೆ ಎರೆಯೂ ಸ್ಥಿರವಾಗಿರುತ್ತದೆ. ಆದುದರಿಂದ ಮನೆಯನ್ನು ಕಾಪಾಡುವುದೆಂದರೆ ಮುಖ್ಯವಾಗಿ ಅದರ ಸುತ್ತಲಿನ ತೇವವನ್ನು ಕಾಪಾಡುವುದು.

ಇದಕ್ಕೆ ಬೇಕಾಗುವ ಕೆಲಸಗಳು ಸುಲಭವಾದವು. ಮಾಳಿಗೆಯ ನೀರನ್ನು ಕೊಳವೆಯಿಂದ ತೊಟ್ಟಿಗೋ ಬೀದಿಯ ಗಟಾರಕ್ಕೋ ಒಯ್ಯಬೇಕು. ಗೋಡೆಯ ಸುತ್ತಲೂ ಒಂದೂವರೆ ಅಥವಾ ಎರಡು ಮೀಟರ್ ಅಗಲಕ್ಕೆ, ಹೊರಕ್ಕೆ ಇಳಿಜಾರಾಗಿ, ನೀರು ಇಂಗದ ಹಾಸನ್ನು ಹಾಕಬೇಕು. ಇಂಗುಗುಂಡಿಯು ಒಳ್ಳೆಯ ವಸ್ತುವೇ ಆದರೂ ಎರೆಯಲ್ಲಿ ಅದನ್ನು ಗೋಡೆಯ ಪಕ್ಕದಲ್ಲಿ ತೋಡುವುದು ಕೇಡನ್ನು ಆಹ್ವಾನಿಸಿದಂತೆ. ಮೇಲಾಗಿ ಎರೆಯಲ್ಲಿ ನೀರು ಬಲು ನಿಧಾನವಾಗಿ ಇಂಗುತ್ತದೆ. ಅಲ್ಲಿ ಮಳೆನೀರನ್ನು ತೊಟ್ಟಿಯಲ್ಲಿ ಕೂಡಿಟ್ಟು ಬಳಸುವುದು ಲೇಸು. ದೊಡ್ಡ ಮರಗಳ ಬೇರುಗಳು ಬೇಸಗೆಯಲ್ಲಿ ಮಣ್ಣಿನ ನೀರನ್ನು ಹೀರಿ ಕುಗ್ಗುವಿಕೆಯನ್ನು ಹೆಚ್ಚಿಸುತ್ತವೆ. ಮರವು ಬೆಳೆದಾಗ ಎಷ್ಟು ಎತ್ತರವಾಗುವುದೋ ಗೋಡೆಯಿಂದ ಅಷ್ಟು ದೂರದಲ್ಲಿ ಅದನ್ನು ನೆಡುವುದು ಉತ್ತಮ.

ಹಳೆಯ ಮಣ್ಣಿನ ಮನೆಗಳು

ನಮ್ಮ ಸೀಮೆಯಲ್ಲಿ ಮಣ್ಣಿನ ಗೋಡೆಗಳ, ತೊಲೆ ಜಂತಿಗಳ ಮೇಲೆ ಮಣ್ಣು ಹೊದಿಸಿದ ಮಾಳಿಗೆಗಳ ಹಳೆಯ ಮನೆಗಳು ಇನ್ನೂ ಉಳಿದಿವೆ. ಇವು ಬೇಸಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ. ಇವನ್ನು ಹೀನವೆಂದೆಣಿಸುವುದು ತಪ್ಪು. ಆದರೆ ಇವು ಪ್ರತಿವರ್ಷವೂ ಆರೈಕೆಯನ್ನು ಕೇಳುತ್ತವೆ. ಆರೈಕೆ ನಿಂತ ವರ್ಷದಿಂದ ಪ್ರಾಣಕ್ಕೆ ಅಪಾಯ ಆರಂಭವಾಗುತ್ತದೆ.

ಮುಂಗಾರಿಗೆ ಮುನ್ನ ಮಾಳಿಗೆಗೆ ಸವಳು ಮಣ್ಣನ್ನು ಹಾಕುವ ಪದ್ಧತಿಯಲ್ಲಿ ಒಳ್ಳೆಯ ವಿಜ್ಞಾನವಿದೆ. ಸವಳಿನಲ್ಲಿರುವ ಸೋಡಿಯಂ ಜೇಡಿಯ ಕಣಗಳನ್ನು ಬಿಡಿಬಿಡಿಯಾಗಿಸುವುದರಿಂದ ಅವು ಸಣ್ಣ ರಂಧ್ರಗಳಲ್ಲಿ ಸಿಕ್ಕಿ ನೀರಿನ ದಾರಿಯನ್ನು ಮುಚ್ಚುತ್ತವೆ. ಆದರೆ ಹಳೆಯ ಮಣ್ಣನ್ನು ತೆಗೆಯದೆ ಹೊಸದನ್ನು ಹೇರುತ್ತ ಹೋದರೆ ಆಗುವುದೇನು? ೧೫ ಸೆಂಟಿಮೀಟರ್ ದಪ್ಪದ ಮಣ್ಣು ಒಂದು ಚದರ ಮೀಟರಿಗೆ ಸುಮಾರು ೨೪೦ ಕಿಲೊಗ್ರಾಂ ತೂಗುತ್ತದೆ. ಹತ್ತಡಿ ಉದ್ದ ಹತ್ತಡಿ ಅಗಲದ ಕೋಣೆಯ ಮೇಲೆ ಅದು ಎರಡು ಟನ್ನನ್ನು ಮೀರುತ್ತದೆ. ನೆನೆದಾಗ ಇನ್ನೂ ಹೆಚ್ಚಾಗುತ್ತದೆ. ಅದರ ಕೆಳಗೆ ಗೆದ್ದಲು ತಿಂದ ತೊಲೆಯಿದ್ದರೆ ಪರಿಣಾಮವನ್ನು ವಿವರಿಸಬೇಕಾಗಿಲ್ಲ. ಆದುದರಿಂದ ಹೊಸ ಮಣ್ಣನ್ನು ಹಾಕುವ ಮುನ್ನ ಅಷ್ಟೇ ಹಳೆಯ ಮಣ್ಣನ್ನು ಇಳಿಸಬೇಕು; ತೊಲೆಯ ತುದಿಯು ಗೋಡೆಯೊಳಗೆ ಸೇರುವ ಸ್ಥಳವನ್ನು ಮೊನಚಾದ ಮೊಳೆಯಿಂದ ಚುಚ್ಚಿ ನೋಡಬೇಕು. ಮೊಳೆಯು ಸರಾಗವಾಗಿ ಒಳಹೋದರೆ ಮರವು ಕೊಳೆತಿದೆಯೆಂದೇ ಅರ್ಥ.

ಮಣ್ಣಿನ ಗೋಡೆಗೆ ಸಿಮೆಂಟಿನ ಗಿಲಾವು ಮಾಡಿಸುವುದು ಇಂದಿನ ದೊಡ್ಡ ಅಪಚಾರ. ಮಣ್ಣಿನ ಗೋಡೆಯು ನೆಲದಿಂದ ತೇವವನ್ನು ಹೀರುತ್ತದೆ. ಆ ತೇವವು ಗೋಡೆಯ ಮೈಯಿಂದ ಆವಿಯಾಗಿ ಹೋಗಬೇಕು. ಸಿಮೆಂಟು ಈ ದಾರಿಯನ್ನು ಕಟ್ಟುತ್ತದೆ. ಗೋಡೆಯು ಒಳಗೊಳಗೇ ನೆನೆದು ಬಲಗುಂದುತ್ತಿದ್ದರೂ ಹೊರಮೈ ಗಟ್ಟಿಯಾಗಿಯೇ ಕಾಣುತ್ತದೆ. ಸುಣ್ಣದ ಗಾರೆಯಾಗಲಿ ಮಣ್ಣಿನ ಗಿಲಾವಾಗಲಿ ತೇವವನ್ನು ಹೊರಬಿಡುತ್ತದೆ, ಗೋಡೆಯೊಡನೆ ತಾನೂ ಸ್ವಲ್ಪ ಬಾಗುತ್ತದೆ.

೨೦೧೯ರ ಆಗಸ್ಟಿನಲ್ಲಿ ವರದಾ, ತುಂಗಭದ್ರಾ ನದಿಗಳು ಉಕ್ಕಿಹರಿದಾಗ ಜಿಲ್ಲೆಯಲ್ಲಿ ಅನೇಕ ಮನೆಗಳು ಉರುಳಿದುವು. ನೀರು ಇಳಿದ ಮೇಲೂ ನೆನೆದ ಮಣ್ಣಿನ ಗೋಡೆಗಳು ಬೀಳಬಲ್ಲುವೆಂಬುದನ್ನು ಎಲ್ಲರೂ ನೆನಪಿಡತಕ್ಕದ್ದು. ಗೋಡೆಯು ಹೊಟ್ಟೆಬಿಟ್ಟಂತೆ ಉಬ್ಬುವುದು, ಮಾಳಿಗೆಯಿಂದ ಮಣ್ಣು ಉದುರುವುದು, ನಿನ್ನೆಯವರೆಗೆ ಸರಾಗವಾಗಿದ್ದ ಬಾಗಿಲು ಇಂದು ಬಿಗಿಹಿಡಿಯುವುದು, ಇವು ಎಚ್ಚರಿಕೆಯ ಗಂಟೆಗಳು. ಇವು ಕಂಡ ರಾತ್ರಿ ಮನೆಯವರು, ವಿಶೇಷವಾಗಿ ಮಕ್ಕಳೂ ವೃದ್ಧರೂ, ಆ ಕೋಣೆಯಲ್ಲಿ ಮಲಗಲೇಕೂಡದು.

ದುರಸ್ತಿಯ ಕ್ರಮ

ದೀಪಾವಳಿಯೋ ಮದುವೆಯೋ ಬಂದಾಗ ಮನೆಗೆ ಬಣ್ಣ ಬಳಿಸುವುದೂ ಹೊಳೆಯುವ ನೆಲಹಾಸನ್ನು ಹಾಕಿಸುವುದೂ ರೂಢಿಯಾಗಿದೆ. ಬಿರುಕಿನಲ್ಲಿ ಸಿಮೆಂಟನ್ನು ತುಂಬಿ ಬಣ್ಣ ಬಳಿದರೆ ಬಿರುಕು ಕಣ್ಮರೆಯಾಗುತ್ತದೆ. ಅದರ ಕಾರಣವು ಕಣ್ಮರೆಯಾಗುವುದಿಲ್ಲ. ಮೊದಲು ಬಿರುಕನ್ನು ಒಂದು ವರ್ಷ ಓದಬೇಕು. ಅದರ ಎರಡು ಪಕ್ಕಗಳಿಗೂ ಸೇರುವಂತೆ ತೆಳುವಾದ ಗಾಜಿನ ಪಟ್ಟಿಯನ್ನು ಅಂಟಿಸಿ ತಾರೀಖನ್ನು ಬರೆಯಬೇಕು. ಗೋಡೆಯು ಚಲಿಸಿದರೆ ಗಾಜು ಸೀಳುವುದು. ಅಥವಾ ಎರಡು ಪಕ್ಕಗಳಲ್ಲಿ ಒಂದೊಂದು ಸಣ್ಣ ಮೊಳೆಯನ್ನು ಹೊಡೆದು ಅವುಗಳ ಅಂತರವನ್ನು ಪ್ರತಿ ತಿಂಗಳೂ ಅಳೆಯಬಹುದು. ಬೇಸಗೆ ಮಳೆಗಾಲಗಳೊಡನೆ ಹೆಚ್ಚುತ್ತ ಕಡಿಮೆಯಾಗುತ್ತ ಇರುವ ಬಿರುಕಿಗೆ ತೇವದ ನಿಯಂತ್ರಣವೇ ಔಷಧ. ವರ್ಷವಿಡೀ ಒಂದೇ ದಿಕ್ಕಿನಲ್ಲಿ ಬೆಳೆಯುವ ಬಿರುಕಾದರೆ ತಡಮಾಡದೆ ಇಂಜಿನಿಯರನನ್ನು ಕರೆಯಬೇಕು. ಮನೆಯ ವಿದ್ಯಾರ್ಥಿಗೆ ವಹಿಸಲು ಇದಕ್ಕಿಂತ ಉಚಿತವಾದ ಕೆಲಸವಿಲ್ಲ.

ಹಳೆಯ ಮನೆಗೆ ಹೊಸ ಕೋಣೆಯನ್ನು ಸೇರಿಸುವವರೂ ಒಂದು ಮಾತನ್ನು ಗಮನಿಸಬೇಕು. ಹಳೆಯದರ ಬುನಾದಿ ಒಂದು ಆಳ, ಹೊಸದರದು ಇನ್ನೊಂದು ಆಳ. ಎರಡೂ ಬೇರೆಬೇರೆಯಾಗಿ ಚಲಿಸುವುದರಿಂದ, ಬಿಗಿದು ಕಟ್ಟಿದರೆ ಕೂಡಿದ ಸ್ಥಳದಲ್ಲಿ ಸೀಳುತ್ತವೆ. ಅವುಗಳ ನಡುವೆ ಸಂದನ್ನು ಬಿಟ್ಟು, ಮಳೆ ಒಳಬರದಂತೆ ಮುಚ್ಚುವುದೇ ಸರಿಯಾದ ರೀತಿ.

ಹೊಸದಾಗಿ ಕಟ್ಟುವವರಿಗೆ ಎರೆಯಲ್ಲಿಯೂ ಉಪಾಯಗಳುಂಟು. ಎರೆಯು ತೆಳ್ಳಗಿದ್ದರೆ ಅದನ್ನು ಪೂರ್ತಿ ತೆಗೆದು ಗಟ್ಟಿನೆಲದ ಮೇಲೆ ಬುನಾದಿಯನ್ನು ಕಟ್ಟಬಹುದು. ಆಳವಾಗಿದ್ದರೆ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನ ಸಂಸ್ಥೆಯು ರೂಢಿಗೆ ತಂದ ಗೆಡ್ಡೆಕಂಬಗಳ ಬುನಾದಿಯುಂಟು. ನೆಲದಲ್ಲಿ ರಂಧ್ರ ಕೊರೆದು, ಅದರ ಬುಡವನ್ನು ಕಂಬದ ಎರಡೂವರೆ ಪಟ್ಟು ಅಗಲಿಸಿ, ಕಬ್ಬಿಣದ ಸರಳುಗಳನ್ನಿಟ್ಟು ಕಾಂಕ್ರೀಟು ತುಂಬುತ್ತಾರೆ. ಋತುವಿನ ತೇವಬದಲಾವಣೆಯು ತಲಪದ, ಸುಮಾರು ಮೂರೂವರೆ ಮೀಟರ್ ಆಳದಲ್ಲಿ ಆ ಗೆಡ್ಡೆಯು ಲಂಗರಿನಂತೆ ಹಿಡಿದು ನಿಲ್ಲುತ್ತದೆ. ಮುಂಬಯಿಯ ಐಐಟಿಯಲ್ಲಿ ಪ್ರಾಧ್ಯಾಪಕ ಆರ್. ಕೆ. ಕಟ್ಟಿಯವರು ಇನ್ನೊಂದು ಮಾರ್ಗವನ್ನು ಶೋಧಿಸಿದರು: ಎರೆಯ ಮೇಲೆ ಉಬ್ಬದ, ಆದರೆ ಅಂಟುಗುಣವುಳ್ಳ ಮಣ್ಣಿನ ಸುಮಾರು ಒಂದು ಮೀಟರ್ ದಪ್ಪದ ಪದರನ್ನು ದಮ್ಮಸುಮಾಡಿ ಹಾಕಿದರೆ ಉಬ್ಬುವಿಕೆಯು ಬಹಳ ತಗ್ಗುತ್ತದೆ. ತಕ್ಕ ಗುಣದ ಗರಸು ದೊರೆತರೆ ಅದು ಈ ಕೆಲಸಕ್ಕೆ ಒದಗಬಹುದು. ಯಾವ ಮಾರ್ಗವನ್ನು ಹಿಡಿದರೂ ಬುನಾದಿಯ ಅಗೆತವನ್ನು ಒಣ ಋತುವಿನಲ್ಲಿ ಮಾಡಿ, ತೋಡಿದ ಕಂದಕವನ್ನು ಮಳೆಗೆ ತೆರೆದಿಡದೆ ಬೇಗನೆ ತುಂಬತಕ್ಕದ್ದು.

ಆಕ್ಷೇಪಗಳಿಗೆ ಉತ್ತರ

ಮಣ್ಣಿನ ವರದಿಯನ್ನು ಕಡ್ಡಾಯಮಾಡಬೇಕೆಂಬ ನಮ್ಮ ಸೂಚನೆಗೆ ಆಕ್ಷೇಪಗಳು ಬರುವುದು ಸಹಜ. ನಮ್ಮ ಹಿರಿಯರು ಯಾವ ಪರೀಕ್ಷೆಯೂ ಇಲ್ಲದೆ ಕಟ್ಟಲಿಲ್ಲವೆ ಎಂದು ಕೆಲವರು ಕೇಳುವರು. ಹಿರಿಯರು ಮೃದುವಾದ ಮಣ್ಣಿನ ಗಾರೆಯಿಂದ ಕಟ್ಟಿದರು, ಪ್ರತಿವರ್ಷವೂ ದುರಸ್ತಿಮಾಡಿದರು. ಎರೆಯ ಸ್ವಭಾವವನ್ನು ತಿ­ಳಿಯಲು ಅವರಿಗೆ ಹೊಲವೇ ಪ್ರಯೋಗಶಾಲೆಯಾಗಿತ್ತು. ನಾವು ಹೊಲದಿಂದ ದೂರ ಬಂದಿದ್ದೇವೆ, ಬಾಗದ ಸಿಮೆಂಟಿನಿಂದ ಕಟ್ಟುತ್ತಿದ್ದೇವೆ, ದುರಸ್ತಿಗೆ ಬಿಡುವಿಲ್ಲವೆನ್ನುತ್ತಿದ್ದೇವೆ. ಅವರ ಧೈರ್ಯವನ್ನು ಮಾತ್ರ ಎರವಲು ಪಡೆದರೆ ಸಾಲದು.

ಸುತ್ತಲೆಲ್ಲ ಎರೆಯೇ ಇರುವಲ್ಲಿ ತಿಳಿದು ಮಾಡುವುದೇನು ಎಂದು ಇನ್ನು ಕೆಲವರು ಕೇಳಬಹುದು. ರೋಗದ ಹೆಸರು ತಿಳಿಯುವುದು ರೋಗಿಯನ್ನು ಕೈಬಿಡುವುದಕ್ಕಲ್ಲ, ತಕ್ಕ ಔಷಧವನ್ನು ಕೊಡುವುದಕ್ಕೆ. ಎರೆಯ ಆಳವೆಷ್ಟು, ಅದು ಉಬ್ಬುವುದೆಷ್ಟು ಎಂದು ಮೊದಲೇ ತಿಳಿದರೆ ಬುನಾದಿಯ ಖರ್ಚನ್ನು ಲೆಕ್ಕಕ್ಕೆ ಸೇರಿಸಿ ನಿವೇಶನದ ಬೆಲೆಯನ್ನು ಗೊತ್ತುಮಾಡಬಹುದು. ಇದರಿಂದ ಕೆಲವು ನಿವೇಶನಗಳ ಬೆಲೆ ಇಳಿಯುವುದು ನಿಜ. ಒಣಗದ ಮೆಣಸಿನಕಾಯಿಗೆ ಕಡಿಮೆ ಬೆಲೆ ಬಂದರೆ ಪೇಟೆಯಲ್ಲಿ ಯಾರೂ ಅದನ್ನು ಅನ್ಯಾಯವೆನ್ನುವುದಿಲ್ಲ.

ಖರ್ಚಿನ ಆಕ್ಷೇಪವು ಮೂರನೆಯದು. ೨೦೧೯ರಲ್ಲಿ ಪೂರ್ತಿಯಾಗಿ ಬಿದ್ದ ಮನೆಯೊಂದಕ್ಕೆ ರಾಜ್ಯ ಸರಕಾರವು ೫ ಲಕ್ಷ ರೂಪಾಯಿಗಳ ನೆರವನ್ನು ಘೋಷಿಸಿತು. ಅದು ಯೋಗ್ಯವಾದ ಕ್ರಮವೇ ಸರಿ. ಆದರೆ ಮನೆ ಬಿದ್ದ ಮೇಲೆ ಇಷ್ಟನ್ನು ಕೊಡಲು ಸಿದ್ಧವಿರುವ ಸಮಾಜವು ಮನೆ ಏಳುವ ಮುನ್ನ ಅದರಲ್ಲೊಂದು ಅಲ್ಪಾಂಶವನ್ನು ಮಣ್ಣಿನ ಪರೀಕ್ಷೆಗೆ ವೆಚ್ಚಮಾಡಲಾರದೆಂದರೆ ನಂಬುವುದು ಕಷ್ಟ. ಬಡಾವಣೆಗೆ ಒಪ್ಪಿಗೆ ಕೊಡುವ ಅಧಿಕಾರಿಗಳು ಅದರ ಮಣ್ಣಿನ ನಕ್ಷೆಯನ್ನೂ ಕೇಳಲಿ. ಆ ನಕ್ಷೆಯನ್ನು ನಗರಸಭೆ, ಪುರಸಭೆ, ಗ್ರಾಮ ಪಂಚಾಯತಿಗಳ ಕಚೇರಿಯಲ್ಲಿ ಯಾರು ಬೇಕಾದರೂ ನೋಡುವಂತೆ ಇಡಲಿ. ಹಾವೇರಿಯಲ್ಲಿ ಸರಕಾರಿ ಇಂಜಿನಿಯರಿಂಗ್ ಕಾಲೇಜು ಇದೆ. ರಾಣೇಬೆನ್ನೂರಿನ ಹತ್ತಿರ ಹನುಮನಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಮಣ್ಣನ್ನು ಬಲ್ಲವರು ನಮ್ಮ ನಡುವೆಯೇ ಇದ್ದಾರೆ. ಅವರ ಮಾರ್ಗದರ್ಶನದಲ್ಲಿ ಶಾಲೆ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ಓಣಿಗಳ ಮಣ್ಣನ್ನು ಪರೀಕ್ಷಿಸಿ, ಎಲ್ಲಿ ಎರೆ ಎಷ್ಟು ಆಳವಿದೆಯೆಂಬ ನಕ್ಷೆಯನ್ನು ಕೆಲವೇ ವರ್ಷಗಳಲ್ಲಿ ಸಿದ್ಧಪಡಿಸಬಲ್ಲರು.

ಈ ಪತ್ರಿಕೆಯನ್ನು ಓದುವ ಹುಡುಗ ಹುಡುಗಿಯರಲ್ಲಿ ಹೆಚ್ಚಿನವರು ಇಂದು ಮನೆಯ ಒಡೆಯರಲ್ಲ. ಇನ್ನು ಹತ್ತು ಹದಿನೈದು ವರ್ಷಗಳಲ್ಲಿ ಆಗುವರು. ಅದಕ್ಕೆ ಮುನ್ನವೇ ತಮ್ಮ ತಂದೆತಾಯಿಗಳ ಮನೆಯನ್ನು ಒಮ್ಮೆ ಸುತ್ತಿಬರಲಿ. ಮಾಳಿಗೆಯ ನೀರು ಎಲ್ಲಿ ಬೀಳುತ್ತದೆ, ಬಚ್ಚಲಿನ ನೀರು ಎಲ್ಲಿ ಹೋಗುತ್ತದೆ, ಯಾವ ಗೋಡೆಯಲ್ಲಿ ಯಾವ ತಿಂಗಳು ಬಿರುಕು ಹಿಗ್ಗುತ್ತದೆ ಎಂಬುದನ್ನು ಒಂದು ಹೊತ್ತಗೆಯಲ್ಲಿ ತಾರೀಖಿನೊಡನೆ ಬರೆದಿಡಲಿ. ಬರುವ ಮುಂಗಾರಿಗೆ ಮುನ್ನ ಒಂದು ಕೊಳವೆಯನ್ನು ಗೋಡೆಯ ಬುಡದಿಂದ ದೂರ ತಿರುಗಿಸಿದರೂ ಆ ಹೊತ್ತಗೆಯ ಶ್ರಮವು ಸಾರ್ಥಕವಾದಂತೆ.